ನೀರಿಗೆ ಒಲಿದ ಮಸಿ

ಹಳೇ ಮೈಸೂರು ಸೀಮೆಯ ಶಾನುಭೋಗರ ಮನೆಗಳ ಅಟ್ಟದಲ್ಲಿ ಹಿಂದೆ ಕಡತಗಳಿರುತ್ತಿದ್ದವು. ಉದ್ದನೆಯ ಬಟ್ಟೆ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಿಚ್ಚಿದರೆ ಎರಡೂ ಮಗ್ಗುಲು ಕಪ್ಪು, ಆ ಕಪ್ಪಿನ ಮೇಲೆ ಬಳಪದಿಂದ ಬರೆದ ಲೆಕ್ಕ. ಬೇಡವಾದ ಸಾಲನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಈ ಬಟ್ಟೆ ತಯಾರಾಗುತ್ತಿದ್ದ ಬಗೆ ಸರಳ. ಹುಣಸೆಬೀಜವನ್ನು ಅರೆದು, ಕುದಿಸಿ ಅಂಟು ಮಾಡಬೇಕು. ಅದಕ್ಕೆ ನುಣ್ಣಗೆ ಕುಟ್ಟಿದ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು, ಬಿಸಿಲಿಗೆ ಒಣಗಿಸಬೇಕು.

ಇದ್ದಿಲ ಪುಡಿಯನ್ನು ಬರೀ ನೀರಿನಲ್ಲಿ ಕಲಸಿ ಬಳಿದರೆ ಆಗದು. ಒಣಗಿದ ಮೇಲೆ ಕೈಗೆಲ್ಲ ಮೆತ್ತಿಕೊಂಡು ಉದುರಿಹೋಗುತ್ತದೆ. ದೀಪದ ಕುಡಿಯ ಮೇಲೆ ಹಿತ್ತಾಳೆ ತಟ್ಟೆ ಹಿಡಿದು ತೆಗೆದ ಕಾಡಿಗೆಯದ್ದು ಇನ್ನೂ ಹಟ. ಬಟ್ಟಲ ನೀರಿಗೆ ಹಾಕಿದರೆ ಅದು ಮುಳುಗುವುದೂ ಇಲ್ಲ, ಬೆರೆಯುವುದೂ ಇಲ್ಲ. ಮೇಲೆ ತೇಲಿ, ಬೆರಳಾಡಿಸಿದರೆ ಗುಂಪುಗೂಡಿ ಬಟ್ಟಲ ಗೋಡೆಗೆ ಅಂಟಿಕೊಳ್ಳುತ್ತದೆ. ಅದೇ ಕಾಡಿಗೆಗೆ ಒಂದಿಷ್ಟು ಗೋಂದು ಸೇರಿಸಿ ಕಲ್ಲಿನ ಮೇಲೆ ತಾಳ್ಮೆಯಿಂದ ಅರೆದು ಆಮೇಲೆ ನೀರು ಬಿಟ್ಟರೆ ಮಸಿ ಸಿದ್ಧ. ಎಷ್ಟು ದಿನ ಇಟ್ಟರೂ ಕಪ್ಪು ತಳಕ್ಕಿಳಿಯುವುದಿಲ್ಲ.

ತುಮಕೂರಿನ ಸುತ್ತಲಿನ ಸೀಮೆಗೆ ಈ ಕಪ್ಪಿನ ನಂಟು ಹಳೆಯದು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿದೆ. ಅವರೂ ಅವರ ಶಿಷ್ಯ ಪರಂಪರೆಯೂ ವಚನಗಳನ್ನು ಕೂಡಿಸಿ, ಕಟ್ಟು ಕಟ್ಟಿ, ಓಲೆಗರಿಗೆ ಇಳಿಸಿದ ಕಾಲ 15–16ನೆಯ ಶತಮಾನ. ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’ ಬರೆದದ್ದು ಅದೇ ಹೊತ್ತಿನಲ್ಲಿ. ಓಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರ ಹಾಗೇ ಕಣ್ಣಿಗೆ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿ ತಿಕ್ಕಿ, ಬಟ್ಟೆಯಿಂದ ಒರೆಸಿದ ಮೇಲೆ ಗೀರಿನಲ್ಲಿ ಕಪ್ಪು ಉಳಿದು ವಚನ ಎದ್ದು ನಿಲ್ಲುತ್ತದೆ. ಅಂಟಿನಲ್ಲಾಗಲಿ, ಎಣ್ಣೆಯಲ್ಲಾಗಲಿ, ಇಂಗಾಲಕ್ಕೆ ಒಬ್ಬ ಜೊತೆಗಾರ ಬೇಕು ಎನ್ನುವುದನ್ನು ಬರೆಯುವವರು ಕೈಯಿಂದಲೇ ಕಲಿತಿದ್ದರು.

ಈ ಹಳೆಯ ತೊಡಕೇ 1990ರ ದಶಕದ ಕೊನೆಗೆ ಜಗತ್ತಿನ ಅತಿ ಸುಸಜ್ಜಿತ ಪ್ರಯೋಗಾಲಯಗಳ ಮುಂದೆ ಬಂದು ನಿಂತಿತು.

1991ರ ನವೆಂಬರಿನಲ್ಲಿ ಜಪಾನಿನ ಎನ್‌ಇಸಿ ಕಂಪನಿಯ ವಿಜ್ಞಾನಿ ಸುಮಿಯೊ ಇಜಿಮಾ ‘ನೇಚರ್’ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿದಾಗ ಒಂದು ಕಡ್ಡಿಯ ತುದಿಯಲ್ಲಿ ಕೂತ ಕರಿಯನ್ನು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಅಲ್ಲಿ ಕಂಡದ್ದು ಕೊಳವೆಗಳು, ಒಂದರೊಳಗೊಂದು ಕೂತ ಕೊಳವೆಗಳು. 1993ರಲ್ಲಿ ಇಜಿಮಾ ಅವರ ಗುಂಪು ಮತ್ತು ಅಮೆರಿಕದ ಐಬಿಎಂನ ಗುಂಪು ಬೇರೆಬೇರೆಯಾಗಿಯೇ ಒಂಟಿ ಗೋಡೆಯ ಕೊಳವೆಯನ್ನು ತೋರಿಸಿಕೊಟ್ಟವು. ಅದರ ಅಡ್ಡಳತೆ ಸುಮಾರು ಒಂದು ನ್ಯಾನೊಮೀಟರ್. ತಲೆಗೂದಲಿನ ದಪ್ಪ ಅದಕ್ಕಿಂತ ಹತ್ತಾರು ಸಾವಿರ ಪಾಲು ಹೆಚ್ಚು. ಜೇನುಹಟ್ಟಿನಂತೆ ಆರು ಮೂಲೆಗಳ ಮನೆಗಳಾಗಿ ಹೆಣೆದ ಇಂಗಾಲದ ಒಂದೇ ಪದರವನ್ನು ಸುರುಳಿ ಸುತ್ತಿದರೆ ಹೇಗೋ ಹಾಗೆ.

ಬೆಂಗಳೂರು ಈ ಸುದ್ದಿಯನ್ನು ದೂರ ಕೂತು ಕೇಳಲಿಲ್ಲ. 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಜೊತೆಗಾರರು ಕೊಳವೆಗಳನ್ನು ಬೆಳೆಸುವ ಕೆಲಸಕ್ಕೆ ಕೈಹಾಕಿದರು. ಫೆರೋಸೀನ್‌ನಂಥ ಕಬ್ಬಿಣವುಳ್ಳ ಸಾವಯವ ಸಂಯುಕ್ತವನ್ನು ಕುಲುಮೆಯಲ್ಲಿ ಕಾಯಿಸಿ ಕೊಳವೆ ಪಡೆಯುವ ದಾರಿಯನ್ನು ರಾಹುಲ್ ಸೇನ್, ಎ. ಗೋವಿಂದರಾಜ್ ಮತ್ತು ರಾವ್ 1997ರಲ್ಲಿ ವರದಿ ಮಾಡಿದರು. ಒಂದೇ ವಸ್ತು ಕಬ್ಬಿಣವನ್ನೂ ಕೊಡುತ್ತದೆ, ಇಂಗಾಲವನ್ನೂ ಕೊಡುತ್ತದೆ. ಕಬ್ಬಿಣದ ಕಣದ ಮೇಲೆ ಇಂಗಾಲ ಕೊಳವೆಯಾಗಿ ಬೆಳೆಯುತ್ತದೆ.

ಕಬ್ಬಿಣ ಮತ್ತು ಇಂಗಾಲದ ಈ ಸಂಸಾರ ತುಮಕೂರು ಸೀಮೆಗೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ. ಮಧುಗಿರಿ, ಚನ್ನರಾಯನದುರ್ಗದ ಕಡೆ ಮಳೆನೀರು ಬೆಟ್ಟದಿಂದ ತೊಳೆದು ತಂದ ಕರಿಮರಳಿನಿಂದ ಕಬ್ಬಿಣ ತೆಗೆಯುವುದನ್ನು ಕಂಡು ಬರೆದಿಟ್ಟ. ಮೈಸೂರು ಸೀಮೆಯ ಕುಲುಮೆಗಳಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿಯ ಕಡ್ಡಿಯನ್ನೂ ಹಸಿ ಎಲೆಯನ್ನೂ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಉಕ್ಕು ಮಾಡುವ ಬಗೆಯೂ ಅವನ ಬರಹದಲ್ಲಿದೆ. ಆ ಉಕ್ಕೇ ಹೊರದೇಶದವರ ಬಾಯಲ್ಲಿ ‘ವೂಟ್ಸ್’ ಆಯಿತು. ಆ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ವೂಟ್ಸ್ ಗಟ್ಟಿಗಳಿಂದ ಡಮಾಸ್ಕಸ್ ಕತ್ತಿಗಳು ಎದ್ದವು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಪೀಟರ್ ಪೌಫ್ಲರ್ ಮತ್ತವರ ಗುಂಪು 17ನೆಯ ಶತಮಾನದ ಅಂಥದೊಂದು ಕತ್ತಿಯ ಚೂರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. ಅದರಲ್ಲಿ ಇಂಗಾಲದ ನ್ಯಾನೊಕೊಳವೆಗಳಿವೆ ಎಂದು ‘ನೇಚರ್’ನಲ್ಲಿ ವರದಿ ಮಾಡಿತು. ಕುಲುಮೆಯ ಮುಂದೆ ಕೂತು ತಿದಿ ಒತ್ತಿದವರಿಗೆ ಕೊಳವೆಯ ಮಾತು ಗೊತ್ತಿರಲಿಲ್ಲ. ಗೊತ್ತಿದ್ದದ್ದು ತಂಗಡಿ ಎಷ್ಟು, ಬೆಂಕಿ ಎಷ್ಟು ಎಂಬ ಅಳತೆ. ಆ ಅಳತೆ ತಪ್ಪದಂತೆ ಮಕ್ಕಳಿಗೆ ದಾಟಿಸಿದ್ದೇ ದೊಡ್ಡ ವಿದ್ಯೆ.

ಕತ್ತಿಯೊಳಗೆ ಕೊಳವೆ ಹೇಗಿದ್ದರೂ ನಡೆದೀತು. ಪ್ರಯೋಗಾಲಯಕ್ಕೆ ಬೇಕಾದದ್ದು ಬಿಡಿಬಿಡಿಯಾದ ಕೊಳವೆ, ಅದೂ ನೀರಿನಲ್ಲಿ. ತೊಡಕು ಇರುವುದು ಅಲ್ಲಿಯೇ.

ಗುಬ್ಬಿಯ ತೆಂಗಿನ ತೋಟಗಳ ಸೀಮೆಯವರಿಗೆ ನಾರು ಹುರಿಯಾಗುವುದು ಹೊಸತಲ್ಲ. ಆದರೆ ಅಲ್ಲಿ ಹೊಸೆಯಲು ಕೈ ಬೇಕು. ಇಂಗಾಲದ ಕೊಳವೆಗಳು ತಾವೇ ಹುರಿಯಾಗಿಬಿಡುತ್ತವೆ. ಪಕ್ಕಪಕ್ಕ ಬಂದ ಎರಡು ಕೊಳವೆಗಳು ಉದ್ದಕ್ಕೂ ಒಂದನ್ನೊಂದು ಸೆಳೆಯುತ್ತವೆ. ಒಂದೊಂದು ಪರಮಾಣುವಿನ ಸೆಳೆತ ಬಹಳ ಚಿಕ್ಕದು. ಆದರೆ ಕೊಳವೆಯ ಉದ್ದಕ್ಕೂ ಅದು ಕೂಡುತ್ತಾ ಹೋಗಿ, ಒಂದು ಮೈಕ್ರೋಮೀಟರ್ ಉದ್ದದ ತಾಗುವಿಕೆಗೇ ಸುಮಾರು 500 ಎಲೆಕ್ಟ್ರಾನ್‌ವೋಲ್ಟ್ ಆಗುತ್ತದೆ. ಬಿಡಿಸುವುದು ಸುಲಭದ ಮಾತಲ್ಲ. ನೀರಿಗೆ ಹಾಕಿದರೆ ಇನ್ನೂ ಕಷ್ಟ. ನೀರಿನ ಅಣುಗಳು ತಮ್ಮತಮ್ಮಲ್ಲೇ ಕೈಹಿಡಿದುಕೊಂಡು ಇಂಗಾಲವನ್ನು ದೂರ ತಳ್ಳುತ್ತವೆ, ತಳ್ಳಿಸಿಕೊಂಡ ಕೊಳವೆಗಳು ಇನ್ನಷ್ಟು ಒತ್ತಾಗಿ ಕೂಡಿಕೊಳ್ಳುತ್ತವೆ. ಬಟ್ಟಲಿನ ಕಾಡಿಗೆಯ ಕಥೆಯೇ, ಅದಕ್ಕಿಂತ ಎಷ್ಟೋ ಚಿಕ್ಕ ಅಳತೆಯಲ್ಲಿ.

ಮೊದಲ ಉತ್ತರಗಳಲ್ಲೊಂದು ಮಸಿಯ ಕುಡಿಕೆಯಿಂದಲೇ ಬಂತು. 2002ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದಲ್ಲಿ ರಾಜದೀಪ್ ಬಂದ್ಯೋಪಾಧ್ಯಾಯ ಮತ್ತು ಜೊತೆಗಾರರು ಜಾಲಿ ಜಾತಿಯ ಮರದ ಗೋಂದನ್ನು ಬಳಸಿ ಕೊಳವೆಗಳನ್ನು ನೀರಿನಲ್ಲಿ ಒಂದೊಂದಾಗಿ ನಿಲ್ಲಿಸಿದರು. ಸಾವಿರಾರು ವರ್ಷ ಲಿಪಿಕಾರರು ಕಾಡಿಗೆಗೆ ಬೆರೆಸಿದ ಅಂಟು ಅದೇ. ಗೋಂದಿನ ಉದ್ದನೆಯ ಸಕ್ಕರೆಯ ಸರಪಳಿ ಕೊಳವೆಗೆ ಅಂಟಿಕೊಂಡು, ಮತ್ತೊಂದು ಕೊಳವೆ ಹತ್ತಿರ ಬರದಂತೆ ತಡೆಯುತ್ತದೆ. ಅದೇ ವರ್ಷ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಸಾಬೂನಿನ ಬಳಗದ ರಾಸಾಯನಿಕವೊಂದನ್ನು ಬಳಸಿ ಇನ್ನೊಂದು ಹೆಜ್ಜೆ ಹೋದರು. ಬಿಡಿಯಾದ ಕೊಳವೆಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೊಮ್ಮಿಸುತ್ತವೆ ಎಂದು ಆಗ ಗೊತ್ತಾಯಿತು. ಹುರಿಯಲ್ಲಿ ಸಿಕ್ಕಿಕೊಂಡಿದ್ದಾಗ ಆ ಬೆಳಕು ಆರಿಹೋಗುತ್ತಿತ್ತು.

ಗೋಂದಿಗೂ ಸಾಬೂನಿಗೂ ಒಂದು ಮಿತಿಯಿದೆ. ಅವಕ್ಕೆ ಎಲ್ಲ ಕೊಳವೆಯೂ ಒಂದೇ. ಆದರೆ ಕೊಳವೆಗಳು ಒಂದೇ ಅಲ್ಲ. ಚಾಪೆಯನ್ನು ಅಂಚಿಗೆ ಅಂಚು ಕೂಡಿಸಿ ನೇರವಾಗಿ ಸುತ್ತಬಹುದು, ತುಸು ಓರೆಯಾಗಿಯೂ ಸುತ್ತಬಹುದು. ಓರೆಯಾದಷ್ಟೂ ಚಾಪೆಯ ಗೆರೆ ಸುರುಳಿಯಾಗುತ್ತಾ ಹೋಗುತ್ತದೆ. ಇಂಗಾಲದ ಪದರದಲ್ಲೂ ಹಾಗೆಯೇ. ಯಾವ ಓರೆಯಲ್ಲಿ, ಎಷ್ಟು ಅಗಲಕ್ಕೆ ಸುತ್ತಿಕೊಂಡಿದೆ ಎಂಬುದನ್ನು ವಿಜ್ಞಾನಿಗಳು ಎರಡು ಅಂಕಿಗಳಲ್ಲಿ ಬರೆಯುತ್ತಾರೆ: (6,5), (7,6), (8,4) ಎಂಬ ಹಾಗೆ. ಅಂಕಿ ಬದಲಾದರೆ ಗುಣವೇ ಬದಲು. ಮೂರರಲ್ಲಿ ಒಂದು ಪಾಲು ಕೊಳವೆಗಳು ಲೋಹದಂತೆ ವಿದ್ಯುತ್ತನ್ನು ಹರಿಯಬಿಡುತ್ತವೆ, ಉಳಿದ ಎರಡು ಪಾಲು ಸಿಲಿಕಾನ್‌ನಂತೆ ಅರೆವಾಹಕ. ಕುಲುಮೆಯಿಂದ ಬರುವಾಗ ಎಲ್ಲವೂ ಕಲಬೆರಕೆ. ರಾಗಿ, ನವಣೆ, ಸಾಸಿವೆಯನ್ನು ಒಂದೇ ಚೀಲಕ್ಕೆ ಸುರಿದ ಹಾಗೆ, ಬೇರ್ಪಡಿಸುವ ಜರಡಿಯೇ ಆಗ ಇರಲಿಲ್ಲ.

ಆ ಜರಡಿ ಡಿಎನ್‌ಎ ಆದೀತೆಂದು ತೋರಿಸಿದ್ದು ಡೆಲವೇರ್ ರಾಜ್ಯದ ಡುಪಾಂಟ್ ಕಂಪನಿಯ ಸಂಶೋಧನಾಲಯ. ಮಿಂಗ್ ಝೆಂಗ್, ಆನಂದ ಜಗೋಟ ಮತ್ತು ಜೊತೆಗಾರರ ಬರಹ 2003ರ ಮೇ ತಿಂಗಳಲ್ಲಿ ‘ನೇಚರ್ ಮೆಟೀರಿಯಲ್ಸ್’ನಲ್ಲಿ ಬಂತು. ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿಯನ್ನು ಪ್ರಕಟಿಸಿ ಆಗ ಸರಿಯಾಗಿ ಐವತ್ತು ವರ್ಷ. ಅದೇ 2003ರಲ್ಲಿ ಜಪಾನಿನ ನಕಾಶಿಮಾ ಅವರ ಗುಂಪು ಸಹ ಡಿಎನ್‌ಎ ಕೊಳವೆಗಳನ್ನು ನೀರಿನಲ್ಲಿ ಕರಗಿಸುತ್ತದೆಂದು ವರದಿ ಮಾಡಿತ್ತು.

ಪ್ರಯೋಗ ನೋಡಲು ಅಡುಗೆಯಷ್ಟೇ ಸರಳ. ಚಿಕ್ಕ ಪ್ಲಾಸ್ಟಿಕ್ ಕೊಳವಿಯಲ್ಲಿ ಒಂದು ಮಿಲಿಲೀಟರಿನಷ್ಟು ಉಪ್ಪುನೀರು, ಅದರಲ್ಲಿ ಒಂಟಿ ಎಳೆಯ ಡಿಎನ್‌ಎ. ಅದಕ್ಕೆ ಚಿಟಿಕೆಗಿಂತ ಕಡಿಮೆ ಕರಿಪುಡಿ. ಕೊಳವಿಯನ್ನು ಮಂಜುಗಡ್ಡೆಯ ಪಾತ್ರೆಯಲ್ಲಿ ನಿಲ್ಲಿಸಿ, ಸೂಜಿಯಂಥ ಲೋಹದ ಕಡ್ಡಿಯನ್ನು ಒಳಗಿಳಿಸಿ, ಕಿವಿಗೆ ಕೇಳದಷ್ಟು ವೇಗದ ಕಂಪನ ಕೊಡಬೇಕು. ಮಂಜುಗಡ್ಡೆ ಯಾಕೆಂದರೆ ಕಂಪನದ ಕಾವಿಗೆ ನೀರು ಕುದಿಯಬಾರದು, ಡಿಎನ್‌ಎ ಕೆಡಬಾರದು. ಕಂಪನಕ್ಕೆ ಹುರಿಯ ತುದಿ ಕ್ಷಣಮಾತ್ರ ಬಿಚ್ಚುತ್ತದೆ. ಬಿಚ್ಚಿದ ಸಂದಿಗೆ ಡಿಎನ್‌ಎ ನುಗ್ಗಿ ಸುತ್ತಿಕೊಂಡರೆ ಆ ತುದಿ ಮತ್ತೆ ಮುಚ್ಚಲಾರದು. ಆಮೇಲೆ ಕೊಳವಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ಗಿರ್ರನೆ ತಿರುಗಿಸಿದರೆ ಬಿಚ್ಚದ ಹುರಿಗಳು ತಳಕ್ಕೆ ಕೂರುತ್ತವೆ. ಮೇಲಿನ ತಿಳಿ, ತಿಳಿ ಎನ್ನಲಾಗದಷ್ಟು ಕಪ್ಪು. ಥೇಟ್ ಮಸಿ.

ಡಿಎನ್‌ಎಗೆ ಈ ಕೆಲಸ ಒಗ್ಗಿದ್ದು ಅದರ ಮೈಕಟ್ಟಿನಿಂದ. ಅದರ ಬೆನ್ನೆಲುಬು ಸಕ್ಕರೆ ಮತ್ತು ಫಾಸ್ಫೇಟ್. ಫಾಸ್ಫೇಟ್‌ಗೆ ಋಣ ವಿದ್ಯುದಾವೇಶವಿರುವುದರಿಂದ ನೀರಿಗೂ ಅದಕ್ಕೂ ಚೆನ್ನಾಗಿ ಹೊಂದಿಕೆ. ಬೆನ್ನೆಲುಬಿನಿಂದ ಹೊರಚಾಚಿದ ಪ್ರತ್ಯಾಮ್ಲಗಳು ಎ, ಟಿ, ಜಿ, ಸಿ. ಅವು ಚಪ್ಪಟೆಯಾದ ಉಂಗುರಗಳು, ಕೊಳವೆಯ ಗೋಡೆಯ ಉಂಗುರಗಳ ಮೇಲೆ ಒರಗಿ ಕೂರುವುದು ಅವಕ್ಕೆ ಹಿತ. ಜೀವಕೋಶದೊಳಗೆ ಇನ್ನೊಂದು ಎಳೆಯ ಪ್ರತ್ಯಾಮ್ಲಗಳ ಜೊತೆ ಜೋಡಿಯಾಗುವ ಈ ಅಕ್ಷರಗಳು ಇಲ್ಲಿ ಇಂಗಾಲವನ್ನು ಅಪ್ಪಿಕೊಳ್ಳುತ್ತವೆ, ಬೆನ್ನು ನೀರಿನ ಕಡೆಗಿರುತ್ತದೆ. ಹೀಗೆ ಹೊದಿಕೆ ಹೊದ್ದ ಕೊಳವೆಗಳ ಮೈಯೆಲ್ಲ ಒಂದೇ ಆವೇಶವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹುರಿಯಾಗುವ ಪ್ರಶ್ನೆಯೇ ಇಲ್ಲ.

ಹುಣಸೆಬೀಜದ ಅಂಟಿಗಿಂತ ಡಿಎನ್‌ಎ ಒಂದು ಹೆಜ್ಜೆ ಮುಂದಿರುವುದು ಅಕ್ಷರಗಳ ಕಾರಣಕ್ಕೆ. ಅಂಟಿನ ಸರಪಳಿಯನ್ನು ಮರ ಕೊಟ್ಟ ಹಾಗೆ ತೆಗೆದುಕೊಳ್ಳಬೇಕು. ಡಿಎನ್‌ಎಯಲ್ಲಿ ಯಾವ ಅಕ್ಷರದ ಮುಂದೆ ಯಾವ ಅಕ್ಷರ ಎಂಬುದನ್ನು ಮನುಷ್ಯ ಬರೆದು ಮಾಡಿಸಬಹುದು. 2003ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಝೆಂಗ್ ಅವರ ಎರಡನೆಯ ಬರಹದಲ್ಲಿ, ಇಂಗಾಲ ಭೌತಶಾಸ್ತ್ರದ ಹಿರಿಯರಾದ ಮಿಲ್ಡ್ರೆಡ್ ಡ್ರೆಸೆಲ್‌ಹೌಸ್ ಕೂಡ ಸೇರಿದ್ದ ಗುಂಪು, ‘ಜಿ’ ‘ಟಿ’ ಎಂಬ ಎರಡು ಅಕ್ಷರ ಮತ್ತೆಮತ್ತೆ ಬರುವ ಎಳೆ ಕೊಳವೆಯ ಸುತ್ತ ಕ್ರಮಬದ್ಧ ಸುರುಳಿಯಾಗುತ್ತದೆ ಎಂದು ತೋರಿಸಿತು. ಆವೇಶದ ಆಧಾರದ ಮೇಲೆ ಬೇರ್ಪಡಿಸುವ ಕಂಬದ ಮೂಲಕ ದ್ರಾವಣವನ್ನು ಹರಿಸಿದಾಗ ಲೋಹದ ಗುಣದ ಕೊಳವೆಗಳು ಒಂದು ಹೊತ್ತಿಗೂ ಅರೆವಾಹಕ ಕೊಳವೆಗಳು ಇನ್ನೊಂದು ಹೊತ್ತಿಗೂ ಹೊರಬಿದ್ದವು. ಜರಡಿ ಸಿಕ್ಕಿತ್ತು.

ಝೆಂಗ್ ಅವರ ಮೊದಲ ಬರಹದಲ್ಲಿ ಒಂದು ಒಗಟು ಉಳಿದಿತ್ತು. ಬರೀ ‘ಟಿ’ ಅಕ್ಷರಗಳ ಎಳೆ ಕೊಳವೆಗಳನ್ನು ಬಿಡಿಸುವುದರಲ್ಲಿ ಮುಂದೆ, ‘ಎ’ ಮತ್ತು ‘ಸಿ’ ಅಕ್ಷರಗಳ ಎಳೆಗಳು ಹಿಂದೆ. ಯಾಕೆ ಹಾಗೆ? ‘ಎ’ ದೊಡ್ಡ ಉಂಗುರ, ಎರಡು ಉಂಗುರ ಕೂಡಿದ್ದು. ‘ಟಿ’ ಒಂದೇ ಉಂಗುರದ್ದು. ದೊಡ್ಡದೇ ಗಟ್ಟಿಯಾಗಿ ಅಂಟಬೇಕಲ್ಲವೇ?

ಇದಕ್ಕೆ ಉತ್ತರ ಹುಡುಕಿದವರು ಬೆಂಗಳೂರಿನವರು. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್, ರೈಲಿನಲ್ಲಿ ಬರುವವರಿಗೆ ಯಶವಂತಪುರದಲ್ಲಿ ಇಳಿದರೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದೆ, ಈ ಸೀಮೆಯವರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’. ಅಲ್ಲಿ ಅಜಯ್ ಸೂದ್ ನ್ಯಾನೊಕೊಳವೆಗಳ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದ್ದರು. 2003ರ ಆರಂಭದಲ್ಲೇ ಶಂಕರ್ ಘೋಷ್, ಸೂದ್ ಮತ್ತು ಎನ್. ಕುಮಾರ್ ಮೂವರೂ ‘ಸೈನ್ಸ್’ನಲ್ಲಿ ಬರೆದ ಬರಹ ಸುದ್ದಿ ಮಾಡಿತ್ತು. ಕೊಳವೆಗಳ ಕಟ್ಟಿನ ಮೇಲೆ ದ್ರವ ಹರಿದರೆ ಅದರಲ್ಲಿ ಕೆಲವು ಮಿಲಿವೋಲ್ಟ್‌ನಷ್ಟು ವಿದ್ಯುತ್ ಹುಟ್ಟುತ್ತದೆಂಬ ಸುದ್ದಿ ಅದು. ಇಂಗಾಲ ಮತ್ತು ನೀರು ಎದುರಾಗುವ ಜಾಗವನ್ನು ಬಲ್ಲವರು ಅವರು.

ಆ ಒಗಟು ಬಿಡಿಸಲು ಕೂಡಿದ ಗುಂಪಿನಲ್ಲಿ ಲೆಕ್ಕ ಮಾಡುವವರಿದ್ದರು, ಜೀವಭೌತಶಾಸ್ತ್ರದವರಿದ್ದರು, ವಸ್ತುವನ್ನು ತಯಾರಿಸುವವರೂ ಇದ್ದರು: ದಾಸ್, ಸೂದ್, ಪ್ರಬಲ್ ಮೈತಿ, ವರದರಾಜನ್, ರಾವ್ ಮುಂತಾದವರು. ಅವರ ಬರಹ 2008ರಲ್ಲಿ ‘ಕೆಮಿಕಲ್ ಫಿಸಿಕ್ಸ್ ಲೆಟರ್ಸ್’ನಲ್ಲಿ ಬಂತು. ಮೊದಲು ಕಂಪ್ಯೂಟರಿನಲ್ಲಿ (5,5) ಕೊಳವೆಯ ಮೇಲೆ ಒಂದೊಂದು ಪ್ರತ್ಯಾಮ್ಲವನ್ನು ಕೂರಿಸಿ ಅಂಟಿನ ಬಲ ಲೆಕ್ಕಹಾಕಿದರು. ನೀರೇ ಇಲ್ಲದಿದ್ದಾಗ ಬಂದ ಸರದಿ ಊಹಿಸಿದಂತೆಯೇ ಇತ್ತು: ಜಿ, ಎ, ಟಿ, ಸಿ. ದೊಡ್ಡವೆರಡು ಮುಂದೆ, ಚಿಕ್ಕವೆರಡು ಹಿಂದೆ. ಆಮೇಲೆ ಲೆಕ್ಕಕ್ಕೆ ನೀರನ್ನು ಸೇರಿಸಿದರು. ಸರದಿ ತಿರುಗಿತು: ಜಿ, ಟಿ, ಎ, ಸಿ. ‘ಟಿ’ಯು ‘ಎ’ಯನ್ನು ದಾಟಿತು.

ಇಡೀ ಕಥೆಯಲ್ಲಿ ಇದಕ್ಕಿಂತ ಸೊಗಸಾದ ಗಳಿಗೆ ಇನ್ನೊಂದಿಲ್ಲ. ಅಂಟಿಕೊಳ್ಳುವುದೆಂದರೆ ಪ್ರತ್ಯಾಮ್ಲಕ್ಕೂ ಇಂಗಾಲಕ್ಕೂ ಇರುವ ಸೆಳೆತ ಮಾತ್ರವಲ್ಲ. ನೀರಿನ ನಂಟನ್ನು ಎಷ್ಟು ಬಿಟ್ಟುಕೊಟ್ಟು ಬರಬೇಕು ಎಂಬುದೂ ಆ ಲೆಕ್ಕದಲ್ಲಿ ಸೇರಿದೆ. ಗಂಡನ ಮನೆಯ ಪ್ರೀತಿಯನ್ನಷ್ಟೇ ತೂಗಿದರೆ ಸಾಲದು, ತವರಿನ ಸೆಳೆತವನ್ನೂ ತೂಗಬೇಕು.

ಲೆಕ್ಕ ಸರಿಯೆಂದು ಪ್ರಯೋಗವೂ ಹೇಳಬೇಕಲ್ಲ. ಅದಕ್ಕೆ ಬಳಸಿದ್ದು ಅತಿ ಸೂಕ್ಷ್ಮವಾದ ಶಾಖಮಾಪಕ. ಒಂದು ದ್ರಾವಣ ಪುಟ್ಟ ಕೋಶದಲ್ಲಿರುತ್ತದೆ. ಇನ್ನೊಂದನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡುತ್ತಾ ಹೋಗಬೇಕು. ಪ್ರತಿ ಹನಿಗೂ ಅಣುಗಳು ಅಂಟಿಕೊಂಡಾಗ ಒಂದು ಚೂರು ಶಾಖದ ಏರುಪೇರಾಗುತ್ತದೆ. ಕೈಗೆ ತಾಗುವ ಶಾಖವಲ್ಲ, ಮೈಕ್ರೊಕ್ಯಾಲರಿಗಳ ಲೆಕ್ಕದ್ದು. ಯಂತ್ರ ಅದನ್ನು ಗೀಟಾಗಿ ಬರೆಯುತ್ತದೆ. ಅಂಟುವ ಜಾಗಗಳು ತುಂಬುತ್ತಾ ಬಂದಂತೆ ಗೀಟು ಕುಗ್ಗುತ್ತದೆ. ಹಾಗೆ ಅಳೆದಾಗ ಬಂದ ಸರದಿ ಟಿ, ಎ, ಸಿ. ಡೆಲವೇರ್‌ನ ಕಪ್ಪು ದ್ರಾವಣ ಹೇಳಿದ್ದನ್ನೇ ಬೆಂಗಳೂರಿನ ಶಾಖಮಾಪಕವೂ ಹೇಳಿತು. ಮರುವರ್ಷ ಬೆಂಗಳೂರಿನವರು ಗ್ರಾಫೀನ್‌ನ, ಅಂದರೆ ಸುರುಳಿ ಸುತ್ತದ ಇಂಗಾಲದ ಒಂಟಿ ಪದರದ, ಚಪ್ಪಟೆ ಹಾಳೆಯ ಮೇಲೆ ಪ್ರತ್ಯಾಮ್ಲಗಳು ಅಂಟುವುದನ್ನೂ ಅಳೆದರು. ಕೊಳವೆಯ ಬಾಗಿದ ಮೈಗಿಂತ ಹಾಳೆಗೆ ಅವು ಹೆಚ್ಚು ಗಟ್ಟಿಯಾಗಿ ಅಂಟುತ್ತವೆಂದು ಲೆಕ್ಕದಲ್ಲಿ ಆಗಲೇ ಕಂಡಿತ್ತು.

ಮೈತಿ ಮತ್ತು ಸೂದ್ ಅಲ್ಲಿಗೇ ನಿಲ್ಲಲಿಲ್ಲ. 2012ರಲ್ಲಿ ಪ್ರಕಟವಾದ ಲೆಕ್ಕವೊಂದರಲ್ಲಿ ಜೋಡಿ ಎಳೆಯ ಪುಟ್ಟ ಆರ್‌ಎನ್‌ಎ ತುಣುಕು ಕೊಳವೆಯ ಹತ್ತಿರ ಬಂದಾಗ ಜಿಪ್ಪಿನಂತೆ ಬಿಚ್ಚಿಕೊಂಡು, ಬಿಡಿಯಾದ ಪ್ರತ್ಯಾಮ್ಲಗಳನ್ನು ಗೋಡೆಗೆ ಒತ್ತಿ ಕೂರುವುದನ್ನು ತೋರಿಸಿದರು. ರೋಗಕಾರಕ ಜೀನುಗಳ ಬಾಯಿ ಕಟ್ಟಲು ಇಂಥ ಆರ್‌ಎನ್‌ಎಯನ್ನು ಕೋಶದೊಳಗೆ ಸಾಗಿಸುವ ಆಸೆ ವೈದ್ಯ ವಿಜ್ಞಾನಕ್ಕಿರುವುದರಿಂದ, ಸಾಗಿಸುವ ಕೊಳವೆ ಅದನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದು ಬರೀ ಕುತೂಹಲದ ವಿಷಯವಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಜರಡಿಯ ಕಣ್ಣು ಇನ್ನೂ ಸಣ್ಣದಾಗಿತ್ತು. ಝೆಂಗ್ ಮತ್ತು ಜಗೋಟ ಅವರು ಶಿಯೋಮಿನ್ ಟು ಹಾಗೂ ಸುರೇಶ್ ಮನೋಹರ್ ಜೊತೆ 2009ರಲ್ಲಿ ‘ನೇಚರ್’ಗೆ ಬರೆದರು. ಅಕ್ಷರಗಳನ್ನು ಜೋಡಿಸುವ ಬಗೆ ಎಣಿಕೆಗೆ ಸಿಗದಷ್ಟಿರುವುದರಿಂದ ಎಲ್ಲವನ್ನೂ ಪರೀಕ್ಷಿಸುವ ಮಾತೇ ಇರಲಿಲ್ಲ. ಒಂದು ಕ್ರಮ ಹಿಡಿದು ಹುಡುಕಿದಾಗ ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಎಳೆಗಳು ಸಿಕ್ಕವು. ಒಂದೊಂದು ಎಳೆಯೂ ಒಂದೊಂದು ಜಾತಿಯ ಕೊಳವೆಯನ್ನು ಗುರುತು ಹಿಡಿಯುತ್ತದೆ. ಹನ್ನೆರಡು ಮುಖ್ಯ ಅರೆವಾಹಕ ಜಾತಿಗಳನ್ನು ಕಲಬೆರಕೆಯಿಂದ ಒಂದೊಂದಾಗಿ ಹೆಕ್ಕಿ ತೆಗೆದರು. ಸುತ್ತಿದ ಎಳೆಗಳು ಅಕ್ಕಪಕ್ಕದ ಎಳೆಗಳೊಡನೆ ಹೈಡ್ರೋಜನ್ ಬಂಧಗಳಲ್ಲಿ ಕೈಕೈ ಹಿಡಿದು ಪೀಪಾಯಿಯಂತೆ ಕೊಳವೆಯನ್ನು ಬಳಸಿಕೊಳ್ಳುತ್ತವೆ, ಅಳತೆ ಸರಿಹೊಂದಿದಾಗ ಮಾತ್ರ ಪೀಪಾಯಿ ಮುಚ್ಚುತ್ತದೆ ಎಂದು ಅವರು ವಿವರಿಸಿದರು. ಅಂದರೆ ಗುರುತು ಹಿಡಿಯುವುದಕ್ಕೆ ಅಂಟಿನ ಬಲ ಒಂದೇ ಸಾಲದು, ಹೆಣಿಗೆಯೂ ಹೊಂದಬೇಕು. ಝೆಂಗ್ ಮುಂದೆ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಗೆ ಹೋಗಿ ಅಲ್ಲೂ ಇದೇ ಕೆಲಸ ಮುಂದುವರಿಸಿದರು. ಡಿಎನ್‌ಎ ಹೊದ್ದ ಕೊಳವೆಗಳ ಅವಕೆಂಪು ಬೆಳಕು ಡೋಪಮೀನ್‌ನಂಥ ನರವಾಹಕ ಹತ್ತಿರ ಬಂದಾಗ ಹೆಚ್ಚುವುದನ್ನು ಬೇರೆ ಗುಂಪುಗಳು ಕಂಡುಕೊಂಡವು.

2009ರ ಪಟ್ಟಿಯಲ್ಲಿ (6,5) ಕೊಳವೆಯನ್ನು ಹೆಕ್ಕುವ ಎಳೆಯೊಂದಿದೆ. ಬರೀ ಹನ್ನೆರಡು ಅಕ್ಷರದ್ದು. ‘ಟಿ–ಎ–ಟಿ’ ಎಂಬ ಮೂರಕ್ಷರ ನಾಲ್ಕು ಸಲ. ಹನ್ನೆರಡರಲ್ಲಿ ಎಂಟು ‘ಟಿ’. ಆ ಎಳೆಯನ್ನು ಹೊದ್ದು, ಬೇರೆ ಎಲ್ಲ ಜಾತಿಗಳನ್ನೂ ಹಿಂದೆ ಬಿಟ್ಟು ಕಂಬದಿಂದ ಇಳಿದುಬಂದ ದ್ರಾವಣ ಕಪ್ಪಗಿರುವುದಿಲ್ಲ. ಎಲ್ಲ ಜಾತಿಯ ಬಣ್ಣಗಳೂ ಕಲೆತಾಗಷ್ಟೇ ಅದು ಮಸಿ. ಶುದ್ಧವಾದ (6,5) ಕೊಳವೆಗಳ ನೀರನ್ನು ಬೆಳಕಿಗೆ ಹಿಡಿದರೆ ಕಾಣುವುದು ನೇರಳೆ ಬಣ್ಣ, ಆಷಾಢದ ಹೊತ್ತಿಗೆ ನೇರಳೆಹಣ್ಣು ತಿಂದ ಮಕ್ಕಳ ನಾಲಿಗೆಯ ಮೇಲೆ ಉಳಿಯುವಂಥದು.